ರಕ್ತದ ಗುಂಪು ಒಂದೇ ಇರುವ ತಮ್ಮನನ್ನು ಬಿಟ್ಟು ಅಕ್ಕನೇ ಯಾಕೆ?

ಪ್ರಶ್ನೆ: ನಮ್ಮದು ಬ್ಯಾಡಗಿ. ನಮ್ಮ ಯಜಮಾನರಿಗೆ 36 ವರ್ಷ. ಮೆಣಸಿನಕಾಯಿ ಮಾರುಕಟ್ಟೆಯ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಅವರಿಗೆ ಎಎಂಎಲ್ ಅನ್ನುವ ರಕ್ತದ ಕ್ಯಾನ್ಸರ್ ಬಂದು, ಹುಬ್ಬಳ್ಳಿಯಲ್ಲಿ ಕೀಮೋ ಆಗಿ, ಈಗ ರೆಮಿಷನ್ ಬಂದಿದೆ, ಅಂದರೆ ಪರೀಕ್ಷೆಯಲ್ಲಿ ರೋಗ ಕಾಣುತ್ತಿಲ್ಲ. ಆದರೆ ಮತ್ತೆ ಬರುವ ಸಾಧ್ಯತೆ ಜಾಸ್ತಿ, ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್ ಮಾಡಿಸಿ ಎಂದು ಬೆಂಗಳೂರಿಗೆ ಬರೆದುಕೊಟ್ಟಿದ್ದಾರೆ. ಒಡಹುಟ್ಟಿದವರ ಎಚ್‌ಎಲ್‌ಎ ಟೆಸ್ಟ್ ಆಗಿದೆ. ನನ್ನ ಮೈದುನನ (29 ವರ್ಷ) ರಕ್ತದ ಗುಂಪು ಯಜಮಾನರದ್ದೇ, ಎ ಪಾಸಿಟಿವ್. ಅವನದು 5/10 ಬಂತು. ದೊಡ್ಡ ನಾದಿನಿಯದು (41 ವರ್ಷ, ಮೂರು ಮಕ್ಕಳು) ಓ ಪಾಸಿಟಿವ್. ಅವರದು 10/10 ಬಂತು. ಚಿಕ್ಕ ನಾದಿನಿಯದು ಹೊಂದಲೇ ಇಲ್ಲ. ಮನೆಯ ಹಿರಿಯರು ಒಪ್ಪುತ್ತಿಲ್ಲ. ಗುಂಪು ಒಂದೇ ಇರುವ ಗಂಡುಮಗ ಮನೆಯಲ್ಲೇ ಇದ್ದಾನೆ, ಲಗ್ನ ಮಾಡಿ ಕೊಟ್ಟ ಮಗಳನ್ನು ಯಾಕೆ ಕೂರಿಸಬೇಕು, ಹೆಂಗಸಿನ ರಕ್ತ ಗಂಡಸಿಗೆ ಹಾಕಿದರೆ ಏನಾದರೂ ಆದೀತು ಎನ್ನುತ್ತಾರೆ. ನಮ್ಮ ಅತ್ತೆ ಮಾವ ಸಂಬಂಧದಲ್ಲೇ ಮದುವೆಯಾದವರು, ಅದರಿಂದ ತೊಂದರೆಯೇ? ಮೈದುನ ಎರಡು ಸಲ ಪ್ಲೇಟ್‌ಲೆಟ್ ಕೂಡ ಕೊಟ್ಟಿದ್ದಾನೆ. ಇನ್ನೊಂದು ಮಾತು: ಪೂರ್ತಿ ಮ್ಯಾಚ್ ಅಂದ ಮೇಲೂ ಅಪಾಯ ಇದೆ ಅಂತ ಹೇಳ್ತಾರಲ್ಲ, ಹಾಗಾದರೆ ಮ್ಯಾಚ್ ಅಂದರೇನು?

ಉತ್ತರ: ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ನೀವು ಬರೆದಷ್ಟನ್ನು ನೋಡಿದರೆ ನಾನೂ ನಿಮ್ಮ ದೊಡ್ಡ ನಾದಿನಿಯನ್ನೇ ಆರಿಸುತ್ತಿದ್ದೆ. ಮೈದುನನನ್ನು ಎರಡನೇ ಆಯ್ಕೆಯಾಗಿ ಇಟ್ಟುಕೊಳ್ಳುತ್ತಿದ್ದೆ. ಕೊನೆಯ ತೀರ್ಮಾನ ಬೆಂಗಳೂರಿನ ತಂಡದ್ದು. ಅವರ ಕೈಯಲ್ಲಿ ಪೂರ್ತಿ ಫೈಲ್ ಇರುತ್ತದೆ.

ಹಿರಿಯರ ಲೆಕ್ಕ ತಪ್ಪುವುದು ರಕ್ತದ ಗುಂಪಿನಲ್ಲಿ. ಅವರನ್ನು ದೂರುವಂತಿಲ್ಲ. ಕಿಡ್ನಿ ಕಸಿ ವಿಷಯದಲ್ಲಿ ಎಲ್ಲರೂ ಮೊದಲು ಕೇಳುವುದೇ ಗುಂಪು ಯಾವುದು ಅಂತ. ಎಲುಬಿನ ಮಜ್ಜೆ (ಬೋನ್ ಮ್ಯಾರೋ) ಕಸಿಯಲ್ಲಿ ಲೆಕ್ಕ ಬೇರೆ. ಎ, ಬಿ, ಓ ಗುಂಪನ್ನು ಠರಾಯಿಸುವ ಜೀನ್ ಇರುವುದು 9ನೇ ಕ್ರೋಮೋಸೋಮಿನಲ್ಲಿ. ಎಚ್‌ಎಲ್‌ಎ ಜೀನುಗಳಿರುವುದು 6ನೇ ಕ್ರೋಮೋಸೋಮಿನಲ್ಲಿ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಹಾಗಾಗಿ ಗುಂಪು ಒಂದೇ ಇದ್ದೂ ಮ್ಯಾಚ್ ಆಗದಿರಬಹುದು, ಗುಂಪು ಬೇರೆ ಇದ್ದೂ ಪೂರ್ತಿ ಆಗಬಹುದು. ನಿಮ್ಮ ಮನೆಯಲ್ಲಿ ಆಗಿರುವುದೂ ಅದೇ.

ಎಚ್‌ಎಲ್‌ಎ ಅನ್ನುವುದು ಜೀವಕೋಶದ ಮೈಮೇಲಿರುವ ಪ್ರೋಟೀನು. ಒಳಗೆ ಏನು ತಯಾರಾಗುತ್ತಿದೆ ಅನ್ನುವುದರ ತುಣುಕುಗಳನ್ನು ಅದು ಹೊರಗೆ ಹಿಡಿದು ತೋರಿಸುತ್ತದೆ. ಟಿ ಕೋಶಗಳು ಅಂತ ಒಂದು ಬಗೆಯ ಬಿಳಿ ರಕ್ತಕಣಗಳಿವೆ. ಅವು ಓಡಾಡುತ್ತಾ ಅದನ್ನು ತಪಾಸಣೆ ಮಾಡುತ್ತವೆ. ವೈರಸ್ಸಿನ ತುಣುಕು ಕಂಡರೆ ಆ ಕೋಶವನ್ನು ಕೊಲ್ಲುತ್ತವೆ. ತುಣುಕು ಹಿಡಿದಿರುವ ಎಚ್‌ಎಲ್‌ಎಯೇ ಪರಕೀಯ ಅನ್ನಿಸಿದರೂ ಕೊಲ್ಲುತ್ತವೆ. ಫ್ರಾನ್ಸಿನ ಜಾನ್ ದೋಸೆ 1958ರಲ್ಲಿ ಇಂಥ ಮೊದಲ ಗುರುತನ್ನು ಕಂಡುಹಿಡಿದರು. 1980ರಲ್ಲಿ ಅವರಿಗೆ ನೊಬೆಲ್ ಬಂತು. ಇವತ್ತು ಗೊತ್ತಿರುವ ಎಚ್‌ಎಲ್‌ಎ ರೂಪಗಳು 40,000ಕ್ಕೂ ಹೆಚ್ಚು. ಹೊರಗಿನವರಲ್ಲಿ ಹೊಂದುವವರು ಸಿಗುವುದು ಕಷ್ಟವಾಗುವುದು ಇದರಿಂದಲೇ.

ಈಗ ನಿಮ್ಮ ರಿಪೋರ್ಟ್ ತೆಗೆದು ನೋಡಿ. ಎ, ಬಿ, ಸಿ, ಡಿಆರ್‌ಬಿ1, ಡಿಕ್ಯೂಬಿ1 ಎಂದು ಐದು ಸಾಲು ಇರುತ್ತದೆ. ಪ್ರತಿ ಸಾಲಿನಲ್ಲಿ ಎರಡೆರಡು. ಒಂದು ಅಪ್ಪನಿಂದ, ಒಂದು ಅವ್ವನಿಂದ. ಒಟ್ಟು ಹತ್ತು, ಅದಕ್ಕೇ 10/10. ಕೆಲವು ಲ್ಯಾಬುಗಳು ಡಿಪಿಬಿ1 ಸೇರಿಸಿ 12ಕ್ಕೆ ಲೆಕ್ಕ ಹಾಕುತ್ತವೆ. ಪ್ರತಿಯೊಂದರ ಮುಂದೆ ಎ*24:02 ಅನ್ನುವಂಥ ಅಂಕಿ ಕಾಣುತ್ತದೆ. ಮೊದಲಿನ ಎರಡು ಅಂಕಿ ಪಂಗಡ ಹೇಳುತ್ತವೆ, ಚುಕ್ಕಿಗಳ ನಂತರದ್ದು ಅದರೊಳಗಿನ ಖಚಿತ ರೂಪ ಹೇಳುತ್ತದೆ. ಒಬ್ಬರಿಗೆ 24:02, ಇನ್ನೊಬ್ಬರಿಗೆ 24:07 ಇದ್ದರೆ ಹೊರಗಿನ ದಾನಿಯ ಲೆಕ್ಕದಲ್ಲಿ ಅದು ಮ್ಯಾಚ್ ಅಲ್ಲ. ಹಳೆಯ ಟೆಸ್ಟುಗಳು ಪಂಗಡದವರೆಗೆ ಮಾತ್ರ ಹೇಳುತ್ತಿದ್ದವು. ನಿಮ್ಮ ರಿಪೋರ್ಟಿನಲ್ಲಿ ಚುಕ್ಕಿಗಳ ನಂತರದ ಅಂಕಿ ಇಲ್ಲದಿದ್ದರೆ ಹೈ ರೆಸಲ್ಯೂಷನ್ ಟೆಸ್ಟ್ ಆಗಿದೆಯಾ ಅಂತ ಕೇಳಿ. ಹೇಗೂ ಕಸಿಗೆ ಮೊದಲು ಹೊಸ ಸ್ಯಾಂಪಲ್ ತೆಗೆದು ಇನ್ನೊಮ್ಮೆ ಖಾತ್ರಿ ಮಾಡಿಕೊಳ್ಳುತ್ತಾರೆ. ಅದೇ ಟೆಸ್ಟಿಗೆ ಮತ್ತೆ ಯಾಕೆ ದುಡ್ಡು ಅಂತ ಬೇಜಾರಾಗಬೇಡಿ. ಸ್ಯಾಂಪಲ್ಲು ಅದಲು ಬದಲಾಗಿದ್ದರೆ ಸಿಕ್ಕಿಬೀಳುವುದು ಅಲ್ಲೇ.

ಒಂದೇ ತಾಯಿಯ ಮಕ್ಕಳಲ್ಲಿ ಇಷ್ಟು ವ್ಯತ್ಯಾಸ ಹೇಗೆ? ಈ ಜೀನುಗಳೆಲ್ಲ ಒಂದರ ಪಕ್ಕ ಒಂದು ಕೂತಿರುತ್ತವೆ. ಹಾಗಾಗಿ ಬಿಡಿಬಿಡಿಯಾಗಿ ಹಂಚಿಕೆಯಾಗುವುದಿಲ್ಲ. ನಿಮ್ಮೂರಿನ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಬಿಚ್ಚದೆ ಇಡಿಯಾಗಿ ಕೈ ಬದಲಾಗುತ್ತದಲ್ಲ, ಹಾಗೆ ಐದೂ ಒಟ್ಟಿಗೆ ಹೋಗುತ್ತವೆ. ನಿಮ್ಮ ಮಾವನವರ ಹತ್ತಿರ ಎರಡು ಚೀಲ, ಅತ್ತೆಯವರ ಹತ್ತಿರ ಎರಡು. ಪ್ರತಿ ಮಗುವಿಗೆ ಇಬ್ಬರಿಂದಲೂ ಒಂದೊಂದು. ಹೀಗಾಗಿ ಇಬ್ಬರು ಒಡಹುಟ್ಟಿದವರಲ್ಲಿ ಎರಡೂ ಒಂದೇ ಆಗುವ ಸಾಧ್ಯತೆ ನೂರಕ್ಕೆ 25, ಒಂದು ಮಾತ್ರ ಹೊಂದುವುದು 50, ಎರಡೂ ಬೇರೆಯಾಗುವುದು 25. ನಿಮ್ಮ ಮನೆಯ ಮೂವರು ಈ ಮೂರೂ ಬಗೆಗೆ ಒಬ್ಬೊಬ್ಬರಂತೆ ಬಂದಿದ್ದಾರೆ. ಮೂವರು ಒಡಹುಟ್ಟಿದವರಿದ್ದಾಗ ಒಬ್ಬರಾದರೂ ಪೂರ್ತಿ ಹೊಂದುವ ಸಾಧ್ಯತೆ ಸುಮಾರು 58. ಈಗಿನ ಒಂದು ಎರಡು ಮಕ್ಕಳ ಮನೆಗಳಲ್ಲಿ ಈ ಅದೃಷ್ಟ ಕಡಿಮೆ. ತಂದೆ ತಾಯಿ ಮತ್ತು ಮಕ್ಕಳು ಯಾವಾಗಲೂ ಕನಿಷ್ಠ ಅರ್ಧ ಹೊಂದುತ್ತಾರೆ. ಲಗ್ನವಾಗಿ ಬೇರೆ ಮನೆಗೆ ಹೋದರೂ ನಾದಿನಿಯ 6ನೇ ಕ್ರೋಮೋಸೋಮು ನಿಮ್ಮ ಅತ್ತೆ ಮಾವ ಕೊಟ್ಟದ್ದೇ.

ಸಂಬಂಧದಲ್ಲಿ ಮದುವೆ ಆದದ್ದರಿಂದ ಈ ವಿಷಯದಲ್ಲಿ ಕೆಡುಕಿಲ್ಲ. ಕೆಲವೊಮ್ಮೆ ಲಾಭವೇ ಆಗುತ್ತದೆ. ಸೋದರಮಾವ, ಸೋದರತ್ತೆ ಮಕ್ಕಳ ನಡುವೆ ಮದುವೆಯಾದ ಮನೆಗಳಲ್ಲಿ ಗಂಡ ಹೆಂಡತಿ ಇಬ್ಬರಲ್ಲೂ ಒಂದು ಎಚ್‌ಎಲ್‌ಎ ಜೋಡಣೆ, ಅಂದರೆ ಒಂದು ಚೀಲ, ಒಂದೇ ಇರಬಹುದು. ಆಗ ಅಪ್ಪ ಅಥವಾ ಅವ್ವ, ಅಪರೂಪಕ್ಕೆ ಚಿಕ್ಕಪ್ಪನ ಮಕ್ಕಳು ಕೂಡ ಪೂರ್ತಿ ಹೊಂದುವುದುಂಟು. ಬೇರೆ ಕಡೆ ಡಾಕ್ಟರುಗಳು ದೂರದ ಸಂಬಂಧಿಕರನ್ನು ಹುಡುಕಲು ಹೋಗುವುದಿಲ್ಲ. ನಮ್ಮ ಹಾವೇರಿ, ಗದಗ, ಧಾರವಾಡ ಕಡೆಯ ಮನೆಗಳಲ್ಲಿ ಮಾತ್ರ ವಂಶಾವಳಿ ಕೇಳಿ ನೋಡುವುದು ವ್ಯರ್ಥವಲ್ಲ. ನಿಮಗೆ ಅದು ಬೇಕಿಲ್ಲ, ಅಕ್ಕ ಸಿಕ್ಕಿದ್ದಾರೆ. ಒಡಹುಟ್ಟಿದವರಲ್ಲಿ ಯಾರೂ ಹೊಂದದಿದ್ದವರು ಮಾತ್ರ ಈ ವಿಷಯ ಡಾಕ್ಟರಿಗೆ ತಾವಾಗಿಯೇ ಹೇಳಬೇಕು. ಹಾಗೂ ಸಿಗದಿದ್ದರೆ ದಾನಿಗಳ ನೋಂದಣಿ ಇದೆ. ದಾತ್ರಿ, ಡಿಕೆಎಂಎಸ್ ಮುಂತಾದ ಸಂಸ್ಥೆಗಳು ಆ ಕೆಲಸ ಮಾಡುತ್ತವೆ. ಜಗತ್ತಿನಲ್ಲಿ 4 ಕೋಟಿಗೂ ಹೆಚ್ಚು ಜನ ಹೆಸರು ಕೊಟ್ಟಿದ್ದಾರೆ. ಅದರಲ್ಲಿ ಭಾರತೀಯರ ಪಾಲು ನಮ್ಮ ಜನಸಂಖ್ಯೆಗೆ ಹೋಲಿಸಿದರೆ ತೀರ ಸಣ್ಣದು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಪೂರ್ತಿ ಮ್ಯಾಚ್ ಆದರೂ ಅಪಾಯ ಯಾಕೆ?

ಕಿಡ್ನಿ ಹಾಕಿದರೆ ಭಯ ಒಂದೇ ಕಡೆಯಿಂದ, ರೋಗಿಯ ದೇಹ ಅದನ್ನು ತಳ್ಳಿಹಾಕಬಹುದು. ಇಲ್ಲಿ ಭಯ ಎರಡೂ ಕಡೆಯಿಂದ. ರೋಗಿಯ ದೇಹ ಹೊಸ ಕೋಶಗಳನ್ನು ತಳ್ಳಬಹುದು. ಹೊಸ ಕೋಶಗಳ ಜೊತೆ ಬಂದ ದಾನಿಯ ಟಿ ಕೋಶಗಳು ರೋಗಿಯ ದೇಹವನ್ನೇ ಪರಕೀಯ ಅಂತ ತಿಳಿದು ಹೊಡೆಯಲೂಬಹುದು. ಎರಡನೆಯದಕ್ಕೆ ಜಿವಿಎಚ್‌ಡಿ ಎನ್ನುತ್ತಾರೆ. ಈ ಹೆಸರನ್ನು ನೀವು ಬೆಂಗಳೂರಿನಲ್ಲಿ ದಿನಾ ಕೇಳುತ್ತೀರಿ. ಮೊದಲ ತಿಂಗಳುಗಳಲ್ಲಿ ಬರುವುದು ಚರ್ಮ, ಕರುಳು, ಲಿವರ್‌ಗೆ. ಮೈಮೇಲೆ ಗಂಧೆ, ನೀರು ನೀರು ಭೇದಿ, ಕಾಮಾಲೆ ಅದರ ಲಕ್ಷಣ. ತಡವಾಗಿ ಬರುವುದು ಬಾಯಿ ಕಣ್ಣು ಒಣಗಿಸುತ್ತದೆ, ಚರ್ಮ ಬಿಗಿಯಾಗಿಸುತ್ತದೆ, ಕೆಲವರಿಗೆ ಶ್ವಾಸಕೋಶಕ್ಕೂ ತಗಲುತ್ತದೆ.

10/10 ಇದ್ದಾಗ ಈ ಹೊಡೆತ ಕಡಿಮೆ, ಆದರೆ ಸೊನ್ನೆ ಅಲ್ಲ. ಎಚ್‌ಎಲ್‌ಎ ಒಂದೇ ಆದರೂ ಅದು ಹಿಡಿದು ತೋರಿಸುವ ತುಣುಕುಗಳು ಅಕ್ಕ ತಮ್ಮಂದಿರಲ್ಲಿ ಬೇರೆ ಬೇರೆ ಇರುತ್ತವೆ. ಗಂಡಸಿನ ವೈ ಕ್ರೋಮೋಸೋಮಿನಿಂದ ಆಗುವ ಪ್ರೋಟೀನುಗಳನ್ನು ನಿಮ್ಮ ನಾದಿನಿಯ ದೇಹ ತನ್ನದು ಅಂತ ಕಂಡಿಲ್ಲ. ಗಂಡುಮಗು ಹೊತ್ತಿದ್ದರೆ ಅದಕ್ಕೆ ವಿರೋಧ ಕಲಿತಿರಲೂಬಹುದು. ಹಾಗಾಗಿ ಮಕ್ಕಳಾದ ಹೆಂಗಸಿನಿಂದ ಗಂಡಸಿಗೆ ಕಸಿ ಮಾಡಿದಾಗ ತಡವಾಗಿ ಬರುವ ಜಿವಿಎಚ್‌ಡಿ ಸ್ವಲ್ಪ ಜಾಸ್ತಿ. ಹಿರಿಯರ ಅನುಮಾನದಲ್ಲಿ ಇಷ್ಟು ಮಟ್ಟಿಗೆ ನಿಜ ಇದೆ. ಎಲ್ಲರೂ ಸಮಾನವಾಗಿ ಹೊಂದುವ ಇಬ್ಬರು ಮೂವರು ಇದ್ದಿದ್ದರೆ ನಾನೂ ಗಂಡು ದಾನಿಯನ್ನೇ, ಅದರಲ್ಲೂ ಚಿಕ್ಕ ವಯಸ್ಸಿನವನನ್ನೇ ಆರಿಸುತ್ತಿದ್ದೆ. ಇಲ್ಲಿ ತೂಗಬೇಕಾದದ್ದು 10/10 ಮತ್ತು 5/10.

ಗಂಡಸುತನ ಹೋಗುತ್ತದೆ ಅನ್ನುವ ಭಯ ಮಾತ್ರ ಸುಳ್ಳು. ಹಾರ್ಮೋನು ತಯಾರಾಗುವುದು ಮಜ್ಜೆಯಲ್ಲಿ ಅಲ್ಲ. ರಕ್ತ ಪರೀಕ್ಷೆ ಮಾಡಿದರೆ ಕೋಶಗಳಲ್ಲಿ ಅಕ್ಕನ ಎಕ್ಸ್‌ಎಕ್ಸ್ ಕಾಣುತ್ತದೆ, ಅಷ್ಟೇ. ಅದರಿಂದ ಡಾಕ್ಟರಿಗೆ ಅನುಕೂಲವೇ, ಎಷ್ಟು ಕೋಶ ಅಕ್ಕನದು, ಎಷ್ಟು ತಮ್ಮನದು ಅಂತ ಸುಲಭವಾಗಿ ಎಣಿಸಬಹುದು. ಮಕ್ಕಳಾಗುವ ಶಕ್ತಿ ಕುಂದಿಸುವುದು ಕಸಿಗೆ ಮೊದಲು ಕೊಡುವ ಭಾರೀ ಕೀಮೋ. ಇನ್ನೊಂದು ಮಗು ಬೇಕು ಅನ್ನುವ ಯೋಚನೆ ಇದ್ದರೆ ವೀರ್ಯ ಶೇಖರಿಸಿ ಇಡುವ ಬಗ್ಗೆ ಬೆಂಗಳೂರಿಗೆ ಹೋದ ಮೊದಲ ದಿನವೇ ಕೇಳಿ. ಆಗಿರುವ ಕೀಮೋದಿಂದಲೇ ಸ್ವಲ್ಪ ಪೆಟ್ಟು ಬಿದ್ದಿರಬಹುದು, ಆದರೂ ಕೇಳಿ. ಸಂಕೋಚದಿಂದ ಯಾರೂ ಬಾಯಿ ಬಿಡುವುದಿಲ್ಲ, ಆಮೇಲೆ ಪೇಚಾಡುತ್ತಾರೆ.

ಹಾಗಾದರೆ ನೂರಕ್ಕೆ ನೂರು ಒಂದೇ ಇರುವ ದಾನಿ ಸಿಕ್ಕರೆ ಎಲ್ಲಕ್ಕಿಂತ ಒಳ್ಳೆಯದು ಅಲ್ವಾ? ಅಂಥವರು ಇದ್ದಾರೆ, ಒಂದೇ ರೂಪದ ಅವಳಿಗಳು. ಅವರಿಂದ ಕಸಿ ಮಾಡಿದಾಗ ಜಿವಿಎಚ್‌ಡಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಆದರೆ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್, ತಿರುಗಿ ಬರುವುದು ಜಾಸ್ತಿ! 2,000ಕ್ಕೂ ಹೆಚ್ಚು ರೋಗಿಗಳ ದಾಖಲೆ ನೋಡಿ 1990ರಲ್ಲಿ ಇದನ್ನು ತೋರಿಸಿದರು. ಸ್ವಲ್ಪ ಜಿವಿಎಚ್‌ಡಿ ಬಂದವರಲ್ಲಿ ರೋಗ ಮರುಕಳಿಸುವುದು ಕಡಿಮೆ ಇತ್ತು. ದಾನಿಯ ಟಿ ಕೋಶಗಳನ್ನು ಸೋಸಿ ತೆಗೆದು ಕಸಿ ಮಾಡಿದವರಲ್ಲಿ ಮರುಕಳಿಸುವುದು ಜಾಸ್ತಿ ಇತ್ತು. ಅಂದರೆ ಕಸಿಯಲ್ಲಿ ಲ್ಯುಕೇಮಿಯಾ ವಾಸಿ ಮಾಡುವುದು ಕೀಮೋ ಒಂದೇ ಅಲ್ಲ. ಉಳಿದ ಕ್ಯಾನ್ಸರ್ ಕೋಶಗಳನ್ನು ಪರಕೀಯ ಅಂತ ಹುಡುಕಿ ಕೊಲ್ಲುವ ದಾನಿಯ ಟಿ ಕೋಶವೂ ಹೌದು. ಅದೇ ವರ್ಷ ಜರ್ಮನಿಯ ಮ್ಯೂನಿಕ್‌ನ ವೈದ್ಯರು ಇದನ್ನು ಇನ್ನೂ ನೇರವಾಗಿ ತೋರಿಸಿದರು. ಕಸಿಯಾದ ಮೇಲೆ ಸಿಎಂಎಲ್ ಅನ್ನುವ ಇನ್ನೊಂದು ಬಗೆಯ ರಕ್ತದ ಕ್ಯಾನ್ಸರ್ ತಿರುಗಿ ಬಂದವರಿಗೆ ಅದೇ ದಾನಿಯ ಬಿಳಿ ರಕ್ತಕಣಗಳನ್ನು ಮತ್ತೆ ಹಾಕಿದರು. ರೋಗ ಹಿಂದೆ ಸರಿಯಿತು. ಮಜ್ಜೆ ಕಸಿಯನ್ನು ಬೆಳೆಸಿದ ಡೊನಾಲ್ ಥಾಮಸ್ ಅವರಿಗೆ ನೊಬೆಲ್ ಸಿಕ್ಕಿದ್ದೂ 1990ರಲ್ಲೇ. ನಮ್ಮ ದೇಶದಲ್ಲಿ ಮುಂಬೈಯ ಟಾಟಾ ಮೆಮೋರಿಯಲ್‌ನಲ್ಲಿ 1983ರಲ್ಲೇ ಇದು ಶುರುವಾಗಿತ್ತು.

ಹಾಗಾಗಿ ಮ್ಯಾಚ್ ಅಂದರೆ ಜಗಳವೇ ಇಲ್ಲದ ಹಾಗೆ ಮಾಡುವುದಲ್ಲ. ರೋಗಿ ತಾಳಿಕೊಳ್ಳುವಷ್ಟು ಇರಬೇಕು, ಲ್ಯುಕೇಮಿಯಾ ತಾಳಲಾರದಷ್ಟು ಇರಬೇಕು. ನನ್ನ ಮಟ್ಟಿಗೆ ಈ ಇಡೀ ಚಿಕಿತ್ಸೆಯ ತಿರುಳು ಇಷ್ಟೇ. ಸೈಕ್ಲೋಸ್ಪೋರಿನ್, ಮೀಥೋಟ್ರೆಕ್ಸೇಟ್ ಥರದ ಔಷಧಿ ಕೊಟ್ಟು ಅದನ್ನು ಹದದಲ್ಲಿ ಇಡುತ್ತಾರೆ. ಯಜಮಾನರಿಗೆ ಸಣ್ಣಗೆ ಗಂಧೆ ಎದ್ದಾಗ ಡಾಕ್ಟರ್ ಅಷ್ಟೇನೂ ಗಾಬರಿಯಾಗದಿದ್ದರೆ ಕಾರಣ ಇದು. ನೀವು ಮಾತ್ರ ಗಂಧೆ ಎದ್ದದ್ದನ್ನು, ಭೇದಿ ಆದದ್ದನ್ನು ಅವತ್ತೇ ತಿಳಿಸಬೇಕು. ಔಷಧಿ ಅಂಗಡಿಯಿಂದ ಗುಳಿಗೆ ತಂದು ನುಂಗಿಸಬಾರದು.

5/10 ಇದ್ದರೂ ಈಗ ಕಸಿ ಮಾಡುತ್ತಾರೆ, ಹ್ಯಾಪ್ಲೋ ಎನ್ನುತ್ತಾರೆ. ಮೊದಲು ಇದು ಜೀವಕ್ಕೇ ಅಪಾಯವಾಗಿತ್ತು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನವರು ಒಂದು ಉಪಾಯ ಬೆಳೆಸಿದರು. ಕೋಶ ಹಾಕಿದ 3 ಮತ್ತು 4ನೇ ದಿನ ಸೈಕ್ಲೋಫಾಸ್ಫಮೈಡ್ ಅನ್ನುವ ಹಳೇ ಕೀಮೋ ಔಷಧಿ ಕೊಡುವುದು. ಅಷ್ಟೊತ್ತಿಗೆ ರೋಗಿಯ ದೇಹದ ಮೇಲೆ ಸಿಟ್ಟಿಗೆದ್ದ ಟಿ ಕೋಶಗಳು ಭರದಿಂದ ದುಪ್ಪಟ್ಟಾಗುತ್ತಿರುತ್ತವೆ. ಔಷಧಿ ಹೆಚ್ಚಾಗಿ ಅವುಗಳಿಗೇ ತಗಲುತ್ತದೆ. ರಕ್ತ ತಯಾರಿಸುವ ಮೂಲಕೋಶಗಳಾದ ಸ್ಟೆಮ್ ಸೆಲ್‌ಗಳಲ್ಲಿ ಆ ಔಷಧಿಯನ್ನು ಮುರಿಯುವ ಕಿಣ್ವ ಇರುವುದರಿಂದ ಅವು ಬದುಕುತ್ತವೆ. ಬಹಳ ಚಂದದ ಉಪಾಯ. ಇದರಿಂದ ದಾನಿಯೇ ಇಲ್ಲ ಅನ್ನುವ ಮಾತು ಬಹುಮಟ್ಟಿಗೆ ಹೋಯಿತು. ಈಚೆಗೆ ಪೂರ್ತಿ ಹೊಂದಿದ ದಾನಿ ಇದ್ದಾಗಲೂ ಕೆಲವು ಕಡೆ ಇದನ್ನೇ ಕೊಡುತ್ತಾರೆ.

ಆದರೂ ಅಕ್ಕನೇ ಯಾಕೆ ಅಂದರೆ, ಹ್ಯಾಪ್ಲೋದಲ್ಲಿ ಹೊಸ ಮಜ್ಜೆ ಹಿಡಿಯದಿರುವ ಭಯ ಸ್ವಲ್ಪ ಜಾಸ್ತಿ. ರೋಗನಿರೋಧಕ ಶಕ್ತಿ ಮರಳುವುದು ನಿಧಾನ, ಸೋಂಕು ಹೆಚ್ಚು. ಇನ್ನೊಂದು ವಿಚಿತ್ರವೂ ಇದೆ. ದಾನಿಯ ಟಿ ಕೋಶಗಳು ಯಾವ ಅರ್ಧವನ್ನು ಗುರುತು ಹಿಡಿದು ಹೊಡೆಯುತ್ತಿರುತ್ತವೋ, ಕೆಲವರ ಲ್ಯುಕೇಮಿಯಾ ಆ ಅರ್ಧವನ್ನೇ ಕಳಚಿಹಾಕಿ ತಪ್ಪಿಸಿಕೊಳ್ಳುತ್ತದೆ. ಇಟಲಿಯ ಮಿಲಾನ್ ವೈದ್ಯರು 2009ರಲ್ಲಿ ಇದನ್ನು ತೋರಿಸಿದರು. ಆಗ ಅದೇ ದಾನಿಯ ಕಣ ಮತ್ತೆ ಹಾಕಿ ಪ್ರಯೋಜನವಿಲ್ಲ, ದಾನಿಯನ್ನೇ ಬದಲಿಸಬೇಕು. ಮೈದುನನನ್ನು ಕಾದಿರಿಸಿ ಇಡುವುದು ಒಳ್ಳೆಯದು ಅಂತ ನಾನು ಹೇಳಿದ್ದು ಸುಮ್ನೆ ಅಲ್ಲ. ಮುಂದೆ ಬೇಕಾದೀತು.

ಅದಕ್ಕೇ ಅವರು ಇನ್ನು ಪ್ಲೇಟ್‌ಲೆಟ್ ಕೊಡುವುದು ಬೇಡ. ನೀವು ಕೇಳಿದ್ದರಲ್ಲಿ ನನಗೆ ಬಹಳ ಮುಖ್ಯ ಅನ್ನಿಸಿದ್ದು ಇದೇ. ಮನೆಯವರು ಒಂದು ಬಾಟಲಿ ರಕ್ತ ಕೊಟ್ಟರೆ ಅದು ಸಾಮಾನ್ಯವಾಗಿ ಬ್ಲಡ್ ಬ್ಯಾಂಕಿನ ದಾಸ್ತಾನಿಗೆ ಹೋಗುತ್ತದೆ, ನಿಮಗೆ ಬೇರೆಯವರದ್ದು ಬರುತ್ತದೆ. ಎಸ್‌ಡಿಪಿ, ಅಂದರೆ ಒಬ್ಬರೇ ದಾನಿಯಿಂದ ತೆಗೆದ ಪ್ಲೇಟ್‌ಲೆಟ್, ಹಾಗಲ್ಲ. ಯಂತ್ರಕ್ಕೆ ಕೂರಿಸಿ ತೆಗೆದದ್ದು ನೇರ ನಿಮ್ಮ ರೋಗಿಗೇ ಹೋಗುತ್ತದೆ. ಪ್ಲೇಟ್‌ಲೆಟ್‌ಗಳ ಮೈಮೇಲೂ ಎಚ್‌ಎಲ್‌ಎ ಇರುತ್ತದೆ. ಮೈದುನನಲ್ಲಿ ಹೊಂದದ ಅರ್ಧದ ವಿರುದ್ಧ ಯಜಮಾನರ ದೇಹ ಆ್ಯಂಟಿಬಾಡಿ ಮಾಡಿಕೊಂಡಿದ್ದರೆ, ಮುಂದೆ ಅದೇ ಮೈದುನನ ಮಜ್ಜೆ ಹಿಡಿಯುವುದು ಕಷ್ಟ. ಆಗಿದ್ದಕ್ಕೆ ಭಯಪಡಬೇಡಿ. ಎರಡು ಸಲ ಕೊಟ್ಟ ಮಾತ್ರಕ್ಕೆ ಆ್ಯಂಟಿಬಾಡಿ ಬಂದೇ ಇರುತ್ತದೆ ಅಂತಿಲ್ಲ, ಡಿಎಸ್‌ಎ ಅನ್ನುವ ಟೆಸ್ಟ್ ಮಾಡಿ ನೋಡುತ್ತಾರೆ. ಯಾವ ತಾರೀಖಿಗೆ ಕೊಟ್ಟರು ಅಂತ ಬರೆದು ಬೆಂಗಳೂರಿನಲ್ಲಿ ಹೇಳಿ. ಇನ್ನು ಮುಂದೆ ಪ್ಲೇಟ್‌ಲೆಟ್ ಬೇಕಾದರೆ ಗೆಳೆಯರು, ಮಾರುಕಟ್ಟೆಯ ಜೊತೆಗಾರರು ಕೊಡಲಿ. ರಕ್ತಸಂಬಂಧಿಗಳು ಯಾರೂ ಬೇಡ. ಬಾಟಲಿಗೆ ರೇಡಿಯೇಷನ್ ಆಗಿರಬೇಕು, ಬಿಳಿ ಕಣ ಸೋಸಿರಬೇಕು. ಸಂಬಂಧಿಕರ ರಕ್ತದಲ್ಲಿ ಉಳಿದ ಟಿ ಕೋಶಗಳನ್ನು ರೋಗಿಯ ದೇಹ ತನ್ನವೇ ಅಂತ ಬಿಟ್ಟುಕೊಂಡು, ಅವು ಒಳಗೆ ಬೇರೂರಿ ತಿರುಗಿಬೀಳುವ ಅಪರೂಪದ ಆದರೆ ಮಾರಕ ಕಾಯಿಲೆಯಿದೆ. ಸಂಬಂಧದಲ್ಲಿ ಮದುವೆಗಳಾದ ಮನೆಗಳಲ್ಲಿ ಅದರ ಭಯ ಇನ್ನೂ ಜಾಸ್ತಿ.

ನಾದಿನಿಯ ಓ ಗುಂಪಿನ ವಿಷಯ ಬೇಗ ಮುಗಿಸುತ್ತೇನೆ. ಅವರ ಪ್ಲಾಸ್ಮಾದಲ್ಲಿ (ರಕ್ತದ ನೀರಿನ ಭಾಗದಲ್ಲಿ) ಎ ಗುಂಪಿನ ವಿರುದ್ಧದ ಆ್ಯಂಟಿಬಾಡಿ ಇರುತ್ತದೆ. ಬೇಕಾದರೆ ಕೋಶ ತುಂಬಿದ ಚೀಲದಿಂದ ಪ್ಲಾಸ್ಮಾ ತೆಗೆದು ಹಾಕುತ್ತಾರೆ. ಮೊದಲ ಎರಡು ವಾರ ಕೆಂಪು ರಕ್ತಕಣ ಒಡೆಯುತ್ತಿದೆಯಾ ನೋಡುತ್ತಾರೆ. ಕೆಲವು ತಿಂಗಳಲ್ಲಿ ಯಜಮಾನರ ಗುಂಪೇ ಓ ಆಗುತ್ತದೆ. ಆಮೇಲೆ ಹಾವೇರಿಯಲ್ಲೋ ಹುಬ್ಬಳ್ಳಿಯಲ್ಲೋ ತುರ್ತಾಗಿ ರಕ್ತ ಹಾಕಬೇಕಾಗಿ ಬಂದರೆ, ಹಳೆಯ ಕಾರ್ಡ್ ನೋಡಿ ಎ ಗುಂಪಿನದು ಹಾಕಬಾರದು. ಕಸಿ ಆಗಿದೆ ಅಂತ ಹೇಳಿ, ಕಸಿ ಕೇಂದ್ರಕ್ಕೆ ಫೋನ್ ಮಾಡಿಸಿ.

ನಾದಿನಿಗೆ ಆಪರೇಷನ್ ಇಲ್ಲ. ನಾಲ್ಕೈದು ದಿನ ಜಿ-ಸಿಎಸ್‌ಎಫ್ ಅನ್ನುವ ಇಂಜೆಕ್ಷನ್, ಅದು ಮಜ್ಜೆಯ ಸ್ಟೆಮ್ ಸೆಲ್‌ಗಳನ್ನು ರಕ್ತಕ್ಕೆ ಇಳಿಸುತ್ತದೆ. ಸೊಂಟ, ಎಲುಬು ನೋಯುತ್ತವೆ, ಪ್ಯಾರಸಿಟಮಾಲ್ ಸಾಕು. ಐದನೇ ದಿನ ಎಸ್‌ಡಿಪಿ ಥರದ್ದೇ ಯಂತ್ರದಲ್ಲಿ ಮೂರರಿಂದ ಐದು ತಾಸು ಕೂರಬೇಕು. ಕೆಲವರು ಮಾರನೇ ದಿನವೂ ಕೂರಬೇಕಾಗುತ್ತದೆ. ಕೊಟ್ಟ ಕೋಶಗಳು ಕೆಲವೇ ವಾರಗಳಲ್ಲಿ ತಿರುಗಿ ತುಂಬಿಕೊಳ್ಳುತ್ತವೆ. ಮೊದಲು ಅವರ ಬಿಪಿ, ಶುಗರ್, ಎಚ್‌ಐವಿ, ಹೆಪಟೈಟಿಸ್, ಸಿಎಂವಿ ಅನ್ನುವ ವೈರಸ್, ಗರ್ಭ ಇಲ್ಲವೆಂಬ ಪರೀಕ್ಷೆ ಎಲ್ಲ ಆಗುತ್ತವೆ.

ಅವರ ಒಪ್ಪಿಗೆ ಬಗ್ಗೆ ನಿಷ್ಠುರವಾಗಿ ಒಂದು ಮಾತು. ಮನೆಯಲ್ಲಿ ಎಲ್ಲರೂ ಮಾತಾಡಿದ್ದಾರೆ, ಅವರನ್ನು ಯಾರಾದರೂ ಕೇಳಿದ್ದೀರಾ? ನಿಮ್ಮ ಪತ್ರದಲ್ಲಿ ಅದು ಕಾಣಲಿಲ್ಲ. ಡಾಕ್ಟರ್ ಅವರ ಜೊತೆ ಒಬ್ಬರೇ ಕೂತು ಮಾತಾಡಲಿ, ಅವರ ಗಂಡನಿಗೂ ವಿವರಿಸಲಿ. ಬೇಡ ಅನ್ನುವುದಾದರೆ ಈಗಲೇ ಅನ್ನಲಿ, ಅದಕ್ಕೆ ಅವರಿಗೆ ಹಕ್ಕಿದೆ. ಯಜಮಾನರಿಗೆ ಭಾರೀ ಕೀಮೋ ಶುರುವಾದ ಮೇಲೆ ನಾದಿನಿ ಹಿಂದೆ ಸರಿದರೆ ಯಜಮಾನರ ಮಜ್ಜೆ ಖಾಲಿಯಾಗಿ ಜೀವ ಹೋಗುತ್ತದೆ. ಇದನ್ನು ಎರಡೂ ಮನೆಯವರು ಅದಕ್ಕೆ ಮೊದಲೇ ತಿಳಿದಿರಬೇಕು. ಹಾಗಂತ ಆಷಾಢ ಕಳೆಯಲಿ, ದೀಪಾವಳಿ ಆಗಲಿ ಅಂತ ಮುಂದೂಡಲೂಬೇಡಿ. ರೆಮಿಷನ್ ಇರುವಾಗ ಮಾಡಿದ ಕಸಿಗೂ ರೋಗ ತಿರುಗಿ ಬಂದ ಮೇಲೆ ಮಾಡಿದ ಕಸಿಗೂ ಫಲಿತಾಂಶದಲ್ಲಿ ಬಹಳ ಅಂತರ.

ಕಸಿಯಾದ ಮೇಲೆ ಸುಮಾರು ನೂರು ದಿನ ಆಸ್ಪತ್ರೆ ಹತ್ತಿರವೇ ಮನೆ ಮಾಡಿಕೊಂಡು ಇರಬೇಕಾಗುತ್ತದೆ, ಅದರ ಬಾಡಿಗೆಯನ್ನೂ ಖರ್ಚಿನ ಲೆಕ್ಕಕ್ಕೆ ಹಿಡಿಯಿರಿ. ನೆರವಿನ ಯೋಜನೆ, ಪರಿಹಾರ ನಿಧಿ ಇತ್ಯಾದಿಗಳಿಗೆ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕಾಣಿ, ಅರ್ಜಿ ಅಡ್ಮಿಷನ್‌ಗೆ ಮೊದಲೇ ಹೋಗಬೇಕು. ಚಿಕ್ಕಂದಿನಲ್ಲಿ ಹಾಕಿದ ಲಸಿಕೆಗಳನ್ನು ಮತ್ತೆ ಹಾಕಿಸಬೇಕಾಗುತ್ತದೆ. ಬಿಸಿಲು ಚರ್ಮದ ಜಿವಿಎಚ್‌ಡಿಯನ್ನು ಕೆರಳಿಸುತ್ತದೆ, ತೋಳು ಮುಚ್ಚುವ ಅಂಗಿ, ತಲೆಗೆ ಟೋಪಿ ಇರಲಿ. ಕೆಲಸದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮೆಣಸಿನಕಾಯಿ ಧೂಳಿನಲ್ಲಿ, ಹಳೇ ಚೀಲಗಳಲ್ಲಿ ಆಸ್ಪರ್ಜಿಲಸ್ ಅನ್ನುವ ಬೂಸಲು ಇರುತ್ತದೆ. ನಮಗೆ ನಿಮಗೆ ಅದು ಬರೀ ಕೆಮ್ಮು, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳುವವರಿಗೆ ಶ್ವಾಸಕೋಶದ ಸೋಂಕು. ಜಿವಿಎಚ್‌ಡಿ ತಡೆಯುವ ಗುಳಿಗೆಗಳು ನಿಲ್ಲುವ ತನಕ ಮಾರುಕಟ್ಟೆಯ ಅಂಗಳಕ್ಕೆ ಕಾಲಿಡುವುದು ಬೇಡ. ಲೆಕ್ಕದ ಪುಸ್ತಕ ಮನೆಗೆ ತರಿಸಿಕೊಂಡು ಬರೆಯಲು ಅಂಗಡಿಯವರು ಒಪ್ಪುತ್ತಾರಾ, ಈಗಲೇ ವಿಚಾರಿಸಿ ನೋಡಿ.